ಹಳೇ ಟೋಪೋ ಶೀಟು ಹಿಡಿದು ಹಾಳೂರು ಹುಡುಕುವುದು

ಪಾಂಡವಪುರ ತಾಲ್ಲೂಕಿನಲ್ಲಿ ನಾನು ಸರ್ವೆ ಕೆಲಸ ಮಾಡುತ್ತೇನೆ. ವಾರವೆಲ್ಲ ಪೋಡಿ, ಹದ್ದುಬಸ್ತು, ಅಣ್ಣತಮ್ಮಂದಿರ ಪಾಲಿನ ಅಳತೆ. ಭಾನುವಾರ ಮಾತ್ರ ಬೇರೆ ನಕ್ಷೆ ತೆಗೆಯುತ್ತೇನೆ. ಅದು ಸರ್ವೆ ಆಫ್ ಇಂಡಿಯಾದ ಹಳೇ ಟೋಪೋ ಶೀಟು. ಯಾರ ಜಮೀನು ಎಷ್ಟು ಅಂತ ಅದು ಹೇಳುವುದಿಲ್ಲ. ಬೆಟ್ಟ, ಹಳ್ಳ, ಕೆರೆ, ಬಾವಿ, ಗುಡಿ, ತೋಪು, ಬಂಡಿ ಜಾಡು, ಕಾಲುದಾರಿ ಎಲ್ಲ ಅದರಲ್ಲಿ ಇರುತ್ತವೆ. ಇದನ್ನು ಹಿಡಿದು ಜನ ಬಿಟ್ಟುಹೋದ ಹಾಳೂರು ಹುಡುಕುವ ಹುಚ್ಚು ಹತ್ತಿಸಿಕೊಂಡು ಬರುವ ಹುಡುಗರಿಗೆ ನಾನು ಹೇಳುವುದು ಒಂದೇ ಮಾತು: ಮೊದಲು ಊರು ನೋಡಬೇಡಿ, ದಾರಿ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಶೀಟು ಹೊಂದಿಸಿಕೊಳ್ಳೋಣ.

ಶೀಟಿನ ನಂಬರ್ ಗೊತ್ತಿಲ್ಲದೆ ಯಾವ ಲೈಬ್ರರಿಗೆ ಹೋದರೂ ಪ್ರಯೋಜನ ಇಲ್ಲ. ದೇಶವನ್ನು 4 ಡಿಗ್ರಿ ಉದ್ದ, 4 ಡಿಗ್ರಿ ಅಗಲದ ಚೌಕಗಳಾಗಿ ಮಾಡಿ ಒಂದೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ನಮ್ಮ ರಾಜ್ಯ 47, 48, 56, 57, 58ರಲ್ಲಿ ಹರಡಿಕೊಂಡಿದೆ. ಪ್ರತಿ ಚೌಕವನ್ನೂ 16 ಭಾಗ ಮಾಡಿ ಎ ಇಂದ ಪಿ ತನಕ ಅಕ್ಷರ ಕೊಟ್ಟರು. ಅದನ್ನೂ ಮತ್ತೆ 16 ಭಾಗ ಮಾಡಿ 1ರಿಂದ 16ರ ತನಕ ಎಣಿಸಿದರು. ಎಣಿಕೆ ಎಡಗಡೆ ಮೇಲಿನ ಮೂಲೆಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತದೆ, ಅಡ್ಡಕ್ಕೆ ಹೋಗುವುದಿಲ್ಲ. ಹೀಗೆ ಬೆಂಗಳೂರು 57ಎಚ್/9, ಮೈಸೂರು 57ಡಿ/11. ಕೊನೆಯ ಶೀಟು 15 ಮಿನಿಟಿನ ಚೌಕ, ನೆಲದ ಮೇಲೆ ಸುಮಾರು 27 ಕಿಲೋಮೀಟರ್ ಉದ್ದಗಲ. ನಮ್ಮ ಪಾಂಡವಪುರದ ಹಣೆಬರಹ ನೋಡಿ, ಅದು 12 ಡಿಗ್ರಿ 30 ಮಿನಿಟಿನ ಗೆರೆಯ ಹತ್ತಿರವೇ ಕೂತಿದೆ. ಊರಿನ ಉತ್ತರಕ್ಕೆ ಮೇಲುಕೋಟೆ, ತೊಣ್ಣೂರು ಕೆರೆ ಬೇಕಾದರೆ 57ಡಿ/10 ತೆಗೆಯಬೇಕು. ದಕ್ಷಿಣಕ್ಕೆ ಶ್ರೀರಂಗಪಟ್ಟಣ, ಕನ್ನಂಬಾಡಿ ಬೇಕಾದರೆ 57ಡಿ/11. ಎರಡನ್ನೂ ಅಂಟಿಸಿಕೊಂಡೇ ನಾನು ಓಡಾಡುವುದು.

ಈಗಿನ ಶೀಟು ಸಿಗುವುದು ಸುಲಭ. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ 1:50,000 ಅಳತೆಯ ಓಪನ್ ಸೀರೀಸ್ ನಕ್ಷೆ ಪಿಡಿಎಫ್ ಆಗಿ ಇಳಿಯುತ್ತದೆ. ಅದರ ನಂಬರ್ ಬೇರೆ ತರಹ. ನಮ್ಮ ಕಡೆಯದು ಡಿ43 ಅಂತ ಶುರುವಾಗುತ್ತದೆ, ಗಾಬರಿ ಬೇಡ. ಹಳೆಯದಕ್ಕೆ ಸ್ವಲ್ಪ ಅಲೆಯಬೇಕು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ತನ್ನ ಜಾಲತಾಣದಲ್ಲಿ ಅಮೆರಿಕ ಸೇನೆಯವರು 1950ರ ದಶಕದಲ್ಲಿ ಅಚ್ಚು ಹಾಕಿದ 1:250,000 ನಕ್ಷೆಗಳನ್ನು ಪುಕ್ಕಟೆ ಇಟ್ಟಿದೆ. ಸರ್ವೆ ಆಫ್ ಇಂಡಿಯಾದ ಶೀಟುಗಳನ್ನೇ ಆಧಾರವಾಗಿ ಇಟ್ಟುಕೊಂಡು ಮಾಡಿದ್ದು ಅವು. ವಿವರ ಕಮ್ಮಿ, ಆದರೆ ಆಮೇಲೆ ಕಟ್ಟಿದ ಅಣೆಕಟ್ಟುಗಳು ಬರುವ ಮೊದಲು ನದಿ ಎಲ್ಲಿ ಹರಿಯುತ್ತಿತ್ತು, ಮುಖ್ಯ ರಸ್ತೆ ಯಾವುದು ಅಂತ ತಿಳಿಯಲು ಸಾಕು. ನಿಜವಾದ ಸಂಪತ್ತು ಹಳೇ ಒಂದಿಂಚಿನ ಶೀಟು. ಒಂದು ಮೈಲಿಗೆ ಒಂದಿಂಚು, ಅಂದರೆ 1:63,360. ಇದಕ್ಕೆ ಹಳೇ ಕಾಲೇಜುಗಳ ಭೂಗೋಳ ವಿಭಾಗದಲ್ಲಿ ವಿಚಾರಿಸಿ. ನನ್ನ ಹತ್ತಿರ ಇರುವುದು ನಿವೃತ್ತ ಮೇಷ್ಟ್ರೊಬ್ಬರು ಕೊಟ್ಟ ಜೆರಾಕ್ಸ್. ನೀವು ಮಾತ್ರ ಆದಷ್ಟು ಬಣ್ಣದ ಸ್ಕ್ಯಾನನ್ನೇ ಮಾಡಿಸಿಕೊಳ್ಳಿ. ಕಪ್ಪುಬಿಳುಪು ಪ್ರತಿಯಲ್ಲಿ ನೆಲದ ಎತ್ತರ ತೋರಿಸುವ ಕಾಂಟೂರ್ ಗೆರೆಯೂ ಹಳ್ಳವೂ ಒಂದೇ ಥರ ಕಂಡು ತಲೆ ಕೆಡುತ್ತದೆ.

ಶೀಟು ಕೈಗೆ ಬಂತು. ಮೊದಲು ಕಣ್ಣು ಹೋಗಬೇಕಾದ್ದು ಅಂಚಿಗೆ. ಅಚ್ಚಾದ ವರ್ಷ ಬೇರೆ, ಅಳತೆ ಮಾಡಿದ ವರ್ಷ ಬೇರೆ. ಎರಡರ ನಡುವೆ ಬಹಳ ವರ್ಷಗಳ ಅಂತರ ಇರಬಹುದು. ಅಂಚು ಹರಿದುಹೋಗಿದ್ದರೆ ಒಳಗಿನ ಹೆಸರುಗಳೇ ಕಾಲ ಹೇಳುತ್ತವೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಶೀಟಿನಲ್ಲಿ ಮಂಡ್ಯ ಇನ್ನೂ ಮೈಸೂರು ಜಿಲ್ಲೆಯ ತಾಲ್ಲೂಕಾಗಿದ್ದರೆ ಅಳತೆ ಅದಕ್ಕಿಂತ ಹಿಂದಿನದು. ಪಾಂಡವಪುರದ ಜಾಗದಲ್ಲಿ ಫ್ರೆಂಚ್ ರಾಕ್ಸ್ ಅಂತ ಇದ್ದರೆ ಹಳೇ ಹೆಸರು ಬದಲಾಗುವ ಮುಂಚಿನದು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಬ್ರಿಟಿಷರು ಹಾಗೆ ಕರೆದರು. ಅದಕ್ಕೂ ಹಿಂದೆ ಊರು ಹಿರೋಡೆ. ಇನ್ನು ಕನ್ನಂಬಾಡಿ ಕಟ್ಟೆಯಿಂದ ಬರುವ ನಾಲೆಗೆ ಇರ್ವಿನ್ ಕೆನಾಲ್ ಅಂತ ಬರೆದಿದ್ದರೆ ವಿಶ್ವೇಶ್ವರಯ್ಯನವರ ಹೆಸರು ಇಡುವ ಮೊದಲಿನದು. ನಾಲೆಯೇ ಇಲ್ಲದಿದ್ದರೆ ಅಳತೆ ನಾಲೆಗಿಂತಲೂ ಹಳೆಯದು, ಕುಣಿದಾಡಿ. ಎತ್ತರಗಳು ಅಡಿಯಲ್ಲಿ ಇವೆಯೋ ಮೀಟರಿನಲ್ಲಿ ಇವೆಯೋ ಅನ್ನುವುದೂ ಒಂದು ಗುರುತು. ಒಂದಿಂಚಿನ ಕಾಲದಲ್ಲಿ ಅಡಿ, 1:50,000 ಬಂದ ಮೇಲೆ ಮೀಟರ್.

ಹೆಸರುಗಳನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳಿಸಿತೋ ಹಾಗೆ ಬರೆದಿರುತ್ತಾರೆ. ಜೋರಾಗಿ ಓದಿ, ಊರಿನವರಿಗೆ ಅರ್ಥ ಆಗುತ್ತದೆ. ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ದಾರಿಯ ವಿಷಯ. ಶೀಟಿನ ಸೂಚಿಯಲ್ಲಿ, ಅಂದರೆ ಅಂಚಿನ ಚಿಹ್ನೆಗಳ ಪಟ್ಟಿಯಲ್ಲಿ, ಬಂಡಿ ಜಾಡಿಗೆ ಒಂದು ಗೆರೆ, ಕಾಲುದಾರಿಗೆ ಒಂದು ಗೆರೆ ಕೊಟ್ಟಿರುತ್ತಾರೆ. ಒಂದು ಪೆನ್ಸಿಲ್ ತೆಗೆದುಕೊಂಡು ನಿಮ್ಮೂರಿಂದ ಹೊರಡುವ ಜಾಡುಗಳನ್ನೆಲ್ಲ ತೀಡಿ. ಎಲ್ಲ ಊರಿಂದ ಊರಿಗೆ ಹೋಗುತ್ತವೆ. ಅವುಗಳ ನಡುವೆ ಎಲ್ಲೋ ಒಂದು ಕಡೆ ನಾಲ್ಕೈದು ಜಾಡು ಬಂದು ಬಟಾಬಯಲಲ್ಲಿ ಕೂಡುತ್ತವೆ. ಅಲ್ಲಿ ಮನೆಯ ಗುರುತಿಲ್ಲ, ಹೆಸರಿಲ್ಲ. ಸುಮ್ನೆ ಯಾರೂ ಐದು ದಿಕ್ಕಿನಿಂದ ಬಂಡಿ ಹೊಡೆದುಕೊಂಡು ಬಂದು ಹೊಲದ ಮಧ್ಯೆ ನಿಲ್ಲುವುದಿಲ್ಲ, ಅಲ್ವಾ? ಅಲ್ಲಿ ಊರಿತ್ತು, ಇಲ್ಲವೇ ಸಂತೆ ಕೂಡುತ್ತಿತ್ತು, ಇಲ್ಲವೇ ಹೊಳೆ ದಾಟುವ ಕಡವು ಇತ್ತು. ಊರು ಹಾಳಾದರೂ ದಾರಿಗಳು ಒಂದೆರಡು ತಲೆಮಾರು ಹಾಗೇ ಉಳಿಯುತ್ತವೆ. ದನ ಹೋಗುತ್ತವೆ, ಹೊಲಕ್ಕೆ ಗೊಬ್ಬರದ ಬಂಡಿ ಹೋಗುತ್ತದೆ, ಅಲ್ಲಿನ ದೇವರಿಗೆ ವರ್ಷಕ್ಕೊಮ್ಮೆ ಜನ ಹೋಗುತ್ತಾರೆ.

ಇದರ ಜೊತೆ ಎರಡು ಗುರುತು ನೋಡಿ. ಊರಿಲ್ಲದ ಕಡೆ ಒಂಟಿ ಗುಡಿಯ ಚಿಹ್ನೆ. ಕೆರೆಯ ಹಿಂದೆ ಒಂಟಿ ಬಾವಿಯ ಚಿಹ್ನೆ. ಸೂಚಿಯಲ್ಲಿ ಪಾಳುಬಿದ್ದ ಊರಿಗೇ ಪ್ರತ್ಯೇಕ ಚಿಹ್ನೆ ಇದೆ, ಹಳೇ ಅವಶೇಷಗಳಿಗೂ ಇದೆ. ಆದರೆ ಅದನ್ನೇ ನಂಬಿ ಕೂರಬೇಡಿ. ಅಳತೆಗೆ ಬಂದವರ ಕಣ್ಣಿಗೆ ಗೋಡೆ ಬಿದ್ದರೆ ಹಾಕಿರುತ್ತಾರೆ, ಬೇಲಿ ಮುಚ್ಚಿದ್ದರೆ ಬಿಟ್ಟಿರುತ್ತಾರೆ.

ಈಗ ನನ್ನ ಕಸುಬಿನ ನಕ್ಷೆಗೆ ಬರೋಣ. ಒಂದಿಂಚಿನ ಟೋಪೋ ಶೀಟಿನಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 63 ಮೀಟರ್. ಪೆನ್ಸಿಲ್ ಗೆರೆ ಅಗಲದಲ್ಲೇ ಒಂದು ತೆಂಗಿನ ತೋಟ ಮುಚ್ಚಿಹೋಗುತ್ತದೆ. ಗ್ರಾಮ ನಕ್ಷೆ ಹಾಗಲ್ಲ, ಮೈಲಿಗೆ ಎಂಟಿಂಚು, 1:7,920. ಕಂದಾಯ ನಕ್ಷೆಗಳು ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಅದರಲ್ಲಿ ಬಂಡಿದಾರಿ, ಹಳ್ಳ, ಗುಂಡುತೋಪು, ಕೆರೆ ಅಂಗಳ ಎಲ್ಲ ಸರ್ವೆ ನಂಬರ್ ಸಮೇತ ಇರುತ್ತವೆ. ನಿಮಗೆ ಅನುಮಾನ ಬಂದ ಜಾಗ ಯಾವ ಸರ್ವೆ ನಂಬರ್ ಅಂತ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನೋಡಿ. ಆ ಊರು ಕಂದಾಯ ಪಟ್ಟಿಯಲ್ಲಿ ಬೇಚರಾಕ್ ಗ್ರಾಮ ಅಂತ ಇದೆಯೋ ವಿಚಾರಿಸಿ. ಬೇಚರಾಕ್ ಅಂದರೆ ದಾಖಲೆಯಲ್ಲಿ ಊರು, ನೆಲದಲ್ಲಿ ಒಂದು ಮನೆಯೂ ಇಲ್ಲ. ಟೋಪೋ ಶೀಟಿನ ದಾರಿಗಳು ಕೂಡುವ ಜಾಗವೂ ಬೇಚರಾಕ್ ಗ್ರಾಮವೂ ಒಂದರ ಮೇಲೊಂದು ಕೂತರೆ ಬೇರೆ ಸಾಕ್ಷಿ ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಟೋಪೋ ಶೀಟು ತಂದು ನನ್ನ ಮುಂದೆ ಇಟ್ಟು “ಇಲ್ಲಿ ದಾರಿ ಇದೆ ನೋಡಿ ಸಾರ್, ಪಕ್ಕದವನು ಮುಚ್ಚಿಬಿಟ್ಟಿದ್ದಾನೆ” ಅನ್ನುವವರು ಬರುತ್ತಾರೆ. ಆ ಜಗಳಕ್ಕೆ ಬೇಕಾದ್ದು ಗ್ರಾಮ ನಕ್ಷೆಯಲ್ಲಿ ನಕಾಶೆ ಕಂಡ ದಾರಿ. ಟೋಪೋ ಶೀಟು ಚರಿತ್ರೆಗೆ ಸರಿ, ದಾವೆಗೆ ಸಾಲದು.

ಹಳೇ ಶೀಟನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಗೂಗಲ್ ಅರ್ಥ್ ಪ್ರೊ ಸಾಕು. ಇಮೇಜ್ ಓವರ್‌ಲೇ ಅಂತ ಇದೆ, ಹಾಕಿ ಪಾರದರ್ಶಕ ಮಾಡಿಕೊಳ್ಳಿ. ಇನ್ನೂ ನಿಖರ ಬೇಕೆಂದರೆ ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶ ಕಲಿಯಿರಿ, ಅದೂ ಪುಕ್ಕಟೆ. ಹೊಂದಿಸುವಾಗ ಅಲುಗಾಡದ ಗುರುತು ಹಿಡಿಯಬೇಕು. ಬೆಟ್ಟದ ತುದಿಯ ತ್ರಿಕೋನ ಗುರುತು, ಹಳೇ ಗುಡಿ, ಕೆರೆ ಏರಿಯ ಎರಡು ತುದಿ, ರೈಲು ಸೇತುವೆ. ಬೆಂಗಳೂರು–ಮೈಸೂರು ರೈಲು ದಾರಿ 1882ರಲ್ಲೇ ಮುಗಿದಿತ್ತು, ನಮ್ಮ ಶೀಟಿಗೆ ಅದೇ ಬೆನ್ನೆಲುಬು. ಹೊಳೆಯ ತಿರುವು, ಕೆರೆಯ ನೀರಿನ ಅಂಚು, ರಸ್ತೆ ಕೂಡುವ ಜಾಗ ಇವನ್ನು ಹಿಡಿಯಬೇಡಿ, ಎಲ್ಲ ಜರುಗಿರುತ್ತವೆ. ಶೀಟಿನ ಮೂಲೆಯಲ್ಲಿ ಬರೆದ ಅಕ್ಷಾಂಶ ರೇಖಾಂಶವನ್ನೇ ನೇರವಾಗಿ ಹಾಕಿದರೆ ನಮ್ಮ ಕಡೆ ಎಲ್ಲವೂ ನೂರು–ಇನ್ನೂರು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಹಳೇ ಲೆಕ್ಕ ಇದೆ, ಹಳೇ ಶೀಟು ಅದರ ಮೇಲೆ ನಿಂತಿದೆ, ಮೊಬೈಲಿನ ಜಿಪಿಎಸ್ ಬೇರೆ ಲೆಕ್ಕದ ಮೇಲೆ. ಕ್ಯೂಜಿಐಎಸ್‌ನಲ್ಲಿ ಈ ಹಳೇ ಲೆಕ್ಕದ್ದಾದ ಕಲ್ಯಾಣಪುರ ಡೇಟಮ್ ಆಯ್ಕೆ ಮಾಡಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಎರಡೂ ಒಂದರ ಮೇಲೊಂದು ಕೂತ ಮೇಲೆ ನಮ್ಮ ಕಡೆ ಮೊದಲು ಕಣ್ಣಿಗೆ ಬೀಳುವುದು ನಾಲೆ ಮಾಡಿದ ಕೆಲಸ. ನಾಲೆ ಬಂದಾಗ ನೂರಾರು ಜಾಡುಗಳನ್ನು ಅಡ್ಡ ಕತ್ತರಿಸಿತು. ಎಲ್ಲಿ ಸೇತುವೆ ಕೊಟ್ಟರೋ ಆ ದಾರಿ ಬದುಕಿ ಡಾಂಬರು ಕಂಡಿತು. ಎಲ್ಲಿ ಕೊಡಲಿಲ್ಲವೋ ಅದು ಅಲ್ಲೇ ಸತ್ತಿತು. ನಾಲೆಯ ಈಚೆ ದಡದಲ್ಲಿ ನಿಂತುಹೋದ ಜಾಡು ಆಚೆ ದಡದಲ್ಲಿ ಮತ್ತೆ ಶುರುವಾಗುತ್ತದೆ. ಒಂದೇ ದೇವರ ಒಕ್ಕಲಿನ ಎರಡು ಊರು ಈಗ ಸುತ್ತಿಕೊಂಡು ಹೋಗಿ ಹಬ್ಬ ಮಾಡುವುದಕ್ಕೆ ಕಾರಣ ಇಂಥ ಸೇತುವೆ ಇಲ್ಲದ ಜಾಗ. ಆಮೇಲೆ ಕೆರೆಗಳು. ಹಳೇ ಶೀಟಿನಲ್ಲಿ ಒಂದು ಕೆರೆಯ ಕೋಡಿ ಹಳ್ಳ ಹಿಡಿದು ಇಳಿಯಿರಿ, ಮುಂದಿನ ಕೆರೆಗೆ ಸೇರುತ್ತೀರಿ. ಈಗಿನ ಚಿತ್ರದಲ್ಲಿ ಆ ಸಾಲಿನ ಒಂದು ಕೆರೆ ಕಬ್ಬಿನ ಗದ್ದೆ ಆಗಿರುತ್ತದೆ, ಏರಿ ಮಾತ್ರ ರಸ್ತೆಯಾಗಿ ಉಳಿದಿರುತ್ತದೆ. ಬಯಲು ಸೀಮೆಯಲ್ಲಿ ಕಾರಣವಿಲ್ಲದೆ ಕಮಾನಿನ ಹಾಗೆ ಬಾಗಿದ ಎತ್ತರದ ರಸ್ತೆ ಕಂಡರೆ ಅದು ಕೆರೆ ಏರಿಯೇ ಅಂತ ಅನುಮಾನ ಪಡಿ. ಪಕ್ಕದಲ್ಲಿ ತೂಬಿನ ಕಲ್ಲುಕಂಬ ಹುಡುಕಿ.

ಇಷ್ಟಾದ ಮೇಲೆ ನೆಲಕ್ಕೆ ಇಳಿಯುವುದು. ಕಬ್ಬು ಕಡಿದು, ಉಳುಮೆ ಮಾಡಿ, ಒಂದು ಮಳೆ ಬಿದ್ದ ಮೇಲೆ ಹೋದರೆ ಚೆನ್ನ. ಮಣ್ಣು ತೊಳೆದು ಹಳೇ ಮಡಕೆಯ ಬೋಕಿ ಚೂರು ಮೇಲೆ ಬಂದಿರುತ್ತದೆ. ಸುತ್ತ ಕೆಂಪು ನೆಲ ಇದ್ದು ನಡುವೆ ಒಂದು ಕಡೆ ಬೂದಿ ಬಣ್ಣದ ಮೆತ್ತನೆ ಮಣ್ಣು ಇದ್ದರೆ ಜನ ಬದುಕಿದ ಜಾಗ ಅದೇ. ಅಕ್ಕಪಕ್ಕದ ರೈತರು ಅಂಥ ಮಣ್ಣನ್ನು ಗೊಬ್ಬರ ಅಂತ ಹೊಡೆದು ದಿಬ್ಬವನ್ನೇ ತೆಳ್ಳಗೆ ಮಾಡಿರುತ್ತಾರೆ. ಒಳಕಲ್ಲು, ಕಲ್ಲುಬಾನಿ, ಮುಚ್ಚಿದ ಬಾವಿ, ದೊಡ್ಡ ಹುಣಸೆ ಮರ, ವೀರಗಲ್ಲು, ಕರುಗಲ್ಲು ಇವನ್ನು ನೋಡಿ. ಹಳೇ ದಾರಿಗೆ ಕತ್ತಾಳೆ ಸಾಲೇ ಗುರುತು. ಗದ್ದೆ ನಡುವೆ ಅರ್ಥವಿಲ್ಲದೆ ನೇರವಾಗಿ ಓಡುವ ಕತ್ತಾಳೆ ಸಾಲು ಯಾವುದೋ ಕಾಲದ ಬಂಡಿದಾರಿಯ ಬೇಲಿ. ಕಲ್ಲಿನ ಮೇಲೆ ಅಕ್ಷರ ಕಂಡರೆ ಶಾಸನಗಳನ್ನು ಸೇರಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರಿನ ಹೆಸರಿನಡಿ ನೋಡಿ. ಶಾಸನ ಎಲ್ಲಿ ನಿಂತಿದೆ ಅಂತಲೂ ಅದರಲ್ಲಿ ಬರೆದಿರುತ್ತಾರೆ.

ಕೈಯಲ್ಲಿ ನಕ್ಷೆ ಹಿಡಿದು ಹಾಳು ಗುಡಿಯ ಸುತ್ತ ತಿರುಗುವವನನ್ನು ಊರಿನವರು ಏನಂದುಕೊಳ್ಳುತ್ತಾರೆ ಅಂತ ಹೇಳಬೇಕಿಲ್ಲ. “ಯಾಕ್ ಸಾ, ನಿಧಿ ಗಿಧಿ ನೋಡಕ್ಕೆ ಬಂದ್ರಾ?” ಅಂತ ನನ್ನನ್ನೇ ಕೇಳಿದ್ದಾರೆ, ನನ್ನ ಕೈಯಲ್ಲಿ ಅಳತೆ ಮಾಡಿಸಿಕೊಂಡವರೇ. ಗುಡಿಗಳ ಗರ್ಭಗುಡಿ ಅಗೆದು ಹಾಕಿರುವುದನ್ನು ನೋಡಿದರೆ ಅವರ ಅನುಮಾನ ತಪ್ಪಲ್ಲ. ಹೊಲದ ಯಜಮಾನರನ್ನು ಕೇಳಿಯೇ ಕಾಲಿಡಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಂದು ಚೂರನ್ನೂ ಜೇಬಿಗೆ ಹಾಕಬೇಡಿ. ನಾನು ನೋಡಿದ ಹಾಳೂರುಗಳ ಹೆಸರು ಇಲ್ಲಿ ಬರೆಯದಿರುವುದೂ ಅದೇ ಕಾರಣಕ್ಕೆ.

ವಯಸ್ಸಾದವರ ಹತ್ತಿರ “ಇಲ್ಲಿ ಹಳೇ ಊರಿತ್ತಾ?” ಅಂತ ಕೇಳಿದರೆ ಹೂಂ ಅನ್ನುತ್ತಾರೆ, ಇಲ್ಲ ಉಹೂಂ ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ದಾರಿ ಕೇಳಿ. “ಅವ್ವಾ, ನಿಮ್ಮ ತಾಯಿ ತವರಿಂದ ಯಾವ ದಾರೀಲಿ ಬರ್ತಿದ್ರು?” ಅಂದರೆ ಹಳ್ಳ ದಾಟಿದ್ದು, ಎತ್ತು ಬೆದರಿದ್ದು, ನಡುದಾರಿಯ ಕಟ್ಟೆಯಲ್ಲಿ ಬುತ್ತಿ ಬಿಚ್ಚಿದ್ದು ಎಲ್ಲ ಬರುತ್ತದೆ. ಆ ಕಟ್ಟೆ ನಿಮ್ಮ ಶೀಟಿನಲ್ಲಿ ದಾರಿ ಕೂಡುವ ಜಾಗವೇ ಇರಬಹುದು. ಊರು ಯಾಕೆ ಬಿಟ್ಟರು ಅನ್ನುವುದಕ್ಕೆ ಧಾತು–ಈಶ್ವರ ಸಂವತ್ಸರದ ಬರ, ಪ್ಲೇಗು, ಮಲೇರಿಯಾ, ಕಳ್ಳರ ಕಾಟ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬರ 1876–78ರದ್ದು, ಪ್ಲೇಗು ಮೈಸೂರು ಸೀಮೆಗೆ ಕಾಲಿಟ್ಟದ್ದು 1898ರಲ್ಲಿ. ಹಾಗಾಗಿ ಬರದ ಆಮೇಲೆ ಅಳತೆಯಾದ ಶೀಟಿನಲ್ಲಿ ಊರು ಜೀವಂತ ಇದ್ದರೆ ಬರದ ಕಾರಣ ಹೊಂದುವುದಿಲ್ಲ, 1898ಕ್ಕೆ ಮುಂಚಿನ ಶೀಟಿನಲ್ಲೇ ಊರು ಹಾಳಾಗಿದ್ದರೆ ಪ್ಲೇಗಿನ ಕಾರಣ ಹೊಂದುವುದಿಲ್ಲ. ಇದನ್ನು ಅವರ ಮುಂದೆ ವಾದ ಮಾಡಬೇಡಿ, ಬರೆದುಕೊಂಡು ಬನ್ನಿ.

ಬರೆದುಕೊಳ್ಳುವಾಗ ಜಿಪಿಎಸ್ ನಂಬರ್ ಜೊತೆ ಗ್ರಾಮದ ಹೆಸರು, ಸರ್ವೆ ನಂಬರ್, ಹೇಳಿದವರ ವಯಸ್ಸು, ತಾರೀಕು ಹಾಕಿ. ಯಾವ ಶೀಟು, ಯಾವ ವರ್ಷದ ಅಳತೆ ಅಂತಲೂ ಪಕ್ಕದಲ್ಲಿ ಇರಲಿ. ಒಂದು ಪ್ರತಿ ಊರಿನ ಶಾಲೆಯ ಮೇಷ್ಟ್ರಿಗೆ ಕೊಡಿ. ಮುಂದಿನ ಸಲ ಹೋದಾಗ ಮಕ್ಕಳು ತಾವೇ ಎರಡು ಕಲ್ಲು ಹೆಚ್ಚಿಗೆ ತೋರಿಸುತ್ತಾರೆ.