‘ಇಲ್ಲ’ ಎಂದು ಹೇಳಿ ನೋಡಿ: ಇಂಗ್ಲಿಷಿನ ಎರಡು ವರ್ತಮಾನಕಾಲಗಳನ್ನು ಬಳಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹಲವು ಭಾಷೆಗಳ ನಡುವೆ ಓಡಾಡುವುದು ಕಷ್ಟವೆನಿಸುವುದಿಲ್ಲ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಇದ್ದರೆ, ತರಗತಿಯಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿಯೂ ಕಚೇರಿಗಳಲ್ಲಿಯೂ ಮಲಯಾಳ. ಇಷ್ಟು ಭಾಷೆಗಳನ್ನು ಬಲ್ಲವರು ಕೂಡ ಇಂಗ್ಲಿಷಿನ ಸಿಂಪಲ್ ಪ್ರೆಸೆಂಟ್ ಮತ್ತು ಪ್ರೆಸೆಂಟ್ ಕಂಟಿನ್ಯುವಸ್ ಎದುರಾದಾಗ ಎಡವುತ್ತಾರೆ. ಇದಕ್ಕೆ ಕಾರಣ ವ್ಯಾಕರಣದ ಅಜ್ಞಾನವಲ್ಲ. ಕನ್ನಡದ ಒಂದೊಂದು ಕ್ರಿಯಾರೂಪಕ್ಕೆ ಇಂಗ್ಲಿಷಿನ ಒಂದೊಂದು ರೂಪವನ್ನು ಜೋಡಿಸಿಕೊಂಡಿರುವ ಅಭ್ಯಾಸ. ‘ಪ್ರತಿದಿನ ಬದಿಯಡ್ಕಕ್ಕೆ ಹೋಗುತ್ತೇನೆ’ ಎನ್ನುವಲ್ಲಿಯೂ ‘ನಾಳೆ ಬದಿಯಡ್ಕಕ್ಕೆ ಹೋಗುತ್ತೇನೆ’ ಎನ್ನುವಲ್ಲಿಯೂ ನಮಗೆ ಒಂದೇ ರೂಪ ಸಾಕು. ‘ಹೋಗುತ್ತಿದ್ದೇನೆ’ ಎಂಬುದನ್ನು ಈಗ ದಾರಿಯಲ್ಲಿರುವವರೂ ಹೇಳುತ್ತಾರೆ, ಅದೇ ಶಾಲೆಗೆ ಎರಡು ವರ್ಷಗಳಿಂದ ಹೋಗುತ್ತಿರುವವರೂ ಹೇಳುತ್ತಾರೆ. ಇಂಗ್ಲಿಷ್ ಈ ಅರ್ಥಗಳನ್ನು ಬೇರೆ ಬೇರೆಯಾಗಿ ಹಂಚಿಟ್ಟಿದೆ.

ರೂಪಗಳ ವಿಷಯ ಬೇಗ ಮುಗಿಯುತ್ತದೆ. ಸಿಂಪಲ್ ಪ್ರೆಸೆಂಟಿನಲ್ಲಿ ಕ್ರಿಯಾಪದ ಇದ್ದ ಹಾಗೆಯೇ ಇರುತ್ತದೆ; ಕರ್ತೃ ‘ಹಿ’, ‘ಶಿ’, ‘ಇಟ್’ ಅಥವಾ ಒಂದೇ ವ್ಯಕ್ತಿ, ಒಂದೇ ವಸ್ತುವಾಗಿದ್ದರೆ ಮಾತ್ರ ಕೊನೆಗೆ ‘ಎಸ್’ ಅಥವಾ ‘ಇಎಸ್’ ಸೇರುತ್ತದೆ: ‘ಐ ಗೋ’, ‘ಶಿ ಗೋಸ್’. ಕಂಟಿನ್ಯುವಸ್‌ನಲ್ಲಿ ‘ಆಮ್’, ‘ಈಸ್’, ‘ಆರ್’ ಎಂಬುವುಗಳಲ್ಲಿ ಒಂದು ಬಂದು, ಕ್ರಿಯಾಪದಕ್ಕೆ ‘ಇಂಗ್’ ಹತ್ತುತ್ತದೆ: ‘ಐ ಆಮ್ ಗೋಯಿಂಗ್’, ‘ದೇ ಆರ್ ಗೋಯಿಂಗ್’. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂದು ಲಿಂಗವಚನಗಳಿಗೆ ತಕ್ಕಂತೆ ಪ್ರತ್ಯಯ ಬದಲಿಸುವ ನಮಗೆ ಆ ಒಂದು ‘ಎಸ್’ ದೊಡ್ಡ ಹೊರೆಯೇನೂ ಅಲ್ಲ.

ಯಾವುದನ್ನು ಯಾವಾಗ ಬಳಸಬೇಕು ಎಂಬುದೇ ನಿಜವಾದ ಪ್ರಶ್ನೆ. ‘ದಿನನಿತ್ಯದ ಕ್ರಿಯೆಗೆ ಸಿಂಪಲ್, ಈಗ ನಡೆಯುವುದಕ್ಕೆ ಕಂಟಿನ್ಯುವಸ್’ ಎಂಬ ಸೂತ್ರ ತಪ್ಪಲ್ಲ, ಆದರೆ ಮಾತನಾಡುವ ಹೊತ್ತಿಗೆ ಅದು ನೆನಪಿಗೆ ಬರುವುದು ಕಡಿಮೆ. ಅದಕ್ಕಿಂತ ಹತ್ತಿರದ ಉಪಾಯವೊಂದು ನಮ್ಮ ಭಾಷೆಯಲ್ಲಿಯೇ ಇದೆ. ಹೇಳಬೇಕಾದ ವಾಕ್ಯವನ್ನು ಮೊದಲು ಕನ್ನಡದಲ್ಲಿ ನಿಷೇಧವಾಗಿ ಹೇಳಿ ನೋಡಬೇಕು. ‘ಅವರು ಮೀನು ತಿನ್ನುವುದಿಲ್ಲ’ ಎಂದರೆ ಮೀನು ತಿನ್ನುವ ರೂಢಿ ಅವರಿಗಿಲ್ಲ ಎಂದು ಅರ್ಥ. ‘ಅವರು ಮೀನು ತಿನ್ನುತ್ತಿಲ್ಲ’ ಎಂದರೆ ಮೀನು ಎದುರಿಗಿದೆ, ಆದರೆ ಕೈ ಹಾಕಿಲ್ಲ, ಅಥವಾ ಯಾವುದೋ ವ್ರತಕ್ಕಾಗಿ ಈ ತಿಂಗಳು ಬಿಟ್ಟಿದ್ದಾರೆ. ಈ ಎರಡನ್ನು ಯಾವ ಕನ್ನಡಿಗರೂ ಅದಲುಬದಲು ಮಾಡುವುದಿಲ್ಲ. ‘ವುದಿಲ್ಲ’ ಬಂದರೆ ಸಿಂಪಲ್: ‘ದೇ ಡು ನಾಟ್ ಈಟ್ ಫಿಶ್’. ‘ತ್ತಿಲ್ಲ’ ಬಂದರೆ ಕಂಟಿನ್ಯುವಸ್: ‘ದೇ ಆರ್ ನಾಟ್ ಈಟಿಂಗ್ ಫಿಶ್’. ಯಾವ ನಿಷೇಧ ಸಹಜವೆಂದು ತಿಳಿದ ಮೇಲೆ ವಾಕ್ಯವನ್ನು ಮತ್ತೆ ‘ಹೌದು’ ಎಂಬ ಅರ್ಥಕ್ಕೆ ತಿರುಗಿಸಿಕೊಂಡರಾಯಿತು.

ಮನೆಮಾತು ತುಳುವಾಗಿದ್ದವರು ಇದೇ ಪರೀಕ್ಷೆಯನ್ನು ‘ಪೋಪುಜಿ’ (ಹೋಗುವುದಿಲ್ಲ), ‘ಪೋವೊಂದಿಜ್ಜಿ’ (ಹೋಗುತ್ತಿಲ್ಲ) ಎಂಬ ರೂಪಗಳ ಮೂಲಕ ಮಾಡಬಹುದು. ಮಲಯಾಳ ಚೆನ್ನಾಗಿ ಬಲ್ಲವರಿಗೆ ಇನ್ನೂ ನೇರವಾದ ಸಹಾಯವಿದೆ: ರೂಢಿಯನ್ನು ಹೇಳುವುದಕ್ಕೆಂದೇ ಅಲ್ಲಿ ‘ಪೋಗಾರುಂಡ್’ ಎಂಬ ರೂಪ ಇರುವುದರಿಂದ, ಅದು ಹೊಂದುವ ಕಡೆ ಇಂಗ್ಲಿಷಿನಲ್ಲಿ ಸಿಂಪಲ್ ಪ್ರೆಸೆಂಟ್ ಬರುತ್ತದೆ.

ಇಲ್ಲಿಯ ಮಳೆಯನ್ನೇ ತೆಗೆದುಕೊಳ್ಳೋಣ. ನೈಋತ್ಯ ಮಾರುತ ಸಾಮಾನ್ಯವಾಗಿ ಜೂನ್ 1ರ ಆಸುಪಾಸಿನಲ್ಲಿ ಕೇರಳವನ್ನು ಮುಟ್ಟುತ್ತದೆ ಎಂಬುದು ವರ್ಷವರ್ಷದ ಕ್ರಮವಾದ್ದರಿಂದ ‘ದ ಮಾನ್ಸೂನ್ ರೀಚಸ್ ಕೇರಳ ಅರೌಂಡ್ ದ ಫಸ್ಟ್ ಆಫ್ ಜೂನ್’ ಎನ್ನಬೇಕು. ಜುಲೈ ತಿಂಗಳ ಸ್ವಭಾವ ಹೇಳುವಾಗ ‘ಇಟ್ ರೇನ್ಸ್ ಹೆವಿಲಿ ಇನ್ ಜುಲೈ’. ಅಂಗಳದಲ್ಲಿ ನೀರು ಹರಿಯುವುದನ್ನು ನೋಡುತ್ತ ಫೋನಿನಲ್ಲಿ ಹೇಳುವಾಗ ‘ಇಟ್ ಈಸ್ ರೇನಿಂಗ್ ಹೆವಿಲಿ’. ಸಂಸ್ಥೆಗಳ ಬಗ್ಗೆ ಬರೆಯುವಾಗಲೂ ಇದೇ ವ್ಯತ್ಯಾಸ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗು, ಅಡಿಕೆ, ಕೋಕೋಗಳ ಸಂಶೋಧನೆ ನಡೆಸುತ್ತದೆ ಎಂಬುದು ಅದರ ಸ್ಥಿರವಾದ ಕೆಲಸ. ಅಲ್ಲಿ ‘ಸ್ಟಡೀಸ್’ ಎಂಬ ರೂಪ ಬೇಕು. ಅಲ್ಲಿಯ ವಿಜ್ಞಾನಿಗಳು ಈ ವರ್ಷ ಒಂದು ತಳಿಯನ್ನು ಪರೀಕ್ಷಿಸುತ್ತಿದ್ದರೆ ‘ದೇ ಆರ್ ಟೆಸ್ಟಿಂಗ್’ ಎನ್ನಬೇಕು. ನಾವು ಆ ವಾಕ್ಯ ಬರೆಯುವ ಕ್ಷಣದಲ್ಲಿ ಅವರೆಲ್ಲ ಊಟಕ್ಕೆ ಕುಳಿತಿದ್ದರೂ ಅದು ತಪ್ಪಾಗದು. ಕಂಟಿನ್ಯುವಸ್ ಎಂದರೆ ಈ ಕ್ಷಣ ಎಂದಷ್ಟೇ ಅರ್ಥವಲ್ಲ. ಆರಂಭವಾಗಿ ಇನ್ನೂ ಮುಗಿಯದ, ಮುಂದೊಮ್ಮೆ ಮುಗಿಯಲಿರುವ ಕೆಲಸವೂ ಅದರೊಳಗೆ ಸೇರುತ್ತದೆ.

ಪರೀಕ್ಷೆ ಕೈಕೊಡುವ ಜಾಗವೂ ಒಂದಿದೆ, ಮತ್ತು ಸಂದರ್ಶನಗಳಲ್ಲಿ ಹೆಚ್ಚಿನವರು ತಪ್ಪುವುದು ಅಲ್ಲಿಯೇ. ಉದ್ಯೋಗ ಮತ್ತು ವಾಸಸ್ಥಳವನ್ನು ಹೇಳುವಾಗ ಅವು ಎಷ್ಟೇ ಕಾಯಂ ಆಗಿದ್ದರೂ ಕನ್ನಡ ‘ತ್ತಿದ್ದೇನೆ’ ಎನ್ನುತ್ತದೆ: ‘ಕುಂಬಳೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ’, ‘ಮುಳ್ಳೇರಿಯದಲ್ಲಿ ವಾಸಿಸುತ್ತಿದ್ದೇನೆ’. ಇಂಗ್ಲಿಷ್ ಇಲ್ಲಿ ಸಿಂಪಲ್ ಪ್ರೆಸೆಂಟನ್ನು ಕೇಳುತ್ತದೆ: ‘ಐ ವರ್ಕ್ ಇನ್ ಎ ಬ್ಯಾಂಕ್’, ‘ಐ ಲಿವ್ ಇನ್ ಮುಳ್ಳೇರಿಯ’. ‘ಐ ಆಮ್ ವರ್ಕಿಂಗ್ ಇನ್ ಎ ಬ್ಯಾಂಕ್’ ಎಂದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಕೇಳಿದವರಿಗೆ ಅದು ತಾತ್ಕಾಲಿಕ ಕೆಲಸವೆಂದು ತೋರಬಹುದು. ಮನೆ ಕಟ್ಟಿಸುತ್ತಿರುವುದರಿಂದ ಆರು ತಿಂಗಳ ಮಟ್ಟಿಗೆ ಅಕ್ಕನ ಮನೆಯಲ್ಲಿ ಇರುವವರು ಮಾತ್ರ ‘ಐ ಆಮ್ ಲಿವಿಂಗ್ ವಿತ್ ಮೈ ಸಿಸ್ಟರ್’ ಎಂದರೆ ಸರಿ. ಆದ್ದರಿಂದ ಉದ್ಯೋಗ ಮತ್ತು ವಾಸದ ವಿಷಯ ಬಂದಾಗ ನಿಷೇಧದ ಪರೀಕ್ಷೆಯನ್ನು ಬದಿಗಿಟ್ಟು, ಇದು ಕಾಯಮ್ಮೋ ಸದ್ಯಕ್ಕೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕ್ರಿಯೆಯನ್ನಲ್ಲದೆ ಸ್ಥಿತಿಯನ್ನು ಹೇಳುವ ಕೆಲವು ಪದಗಳು ಸಾಮಾನ್ಯವಾಗಿ ‘ಇಂಗ್’ ತೆಗೆದುಕೊಳ್ಳುವುದಿಲ್ಲ. ‘ನೋ’, ‘ಅಂಡರ್‌ಸ್ಟ್ಯಾಂಡ್’, ‘ಬಿಲೀವ್’, ‘ವಾಂಟ್’, ‘ನೀಡ್’, ‘ಬಿಲಾಂಗ್’ ಇವುಗಳಲ್ಲಿ ಮುಖ್ಯವಾದವು. ‘ನನಗೆ ಮಲಯಾಳ ಗೊತ್ತು’ ಎಂಬ ಮಾತಿನ ನಿಷೇಧ ‘ಗೊತ್ತಿಲ್ಲ’; ಅದು ‘ವುದಿಲ್ಲ’ವೂ ಅಲ್ಲ, ‘ತ್ತಿಲ್ಲ’ವೂ ಅಲ್ಲ. ಗೊತ್ತಿಲ್ಲ, ಬೇಡ, ಇಷ್ಟವಿಲ್ಲ ಎಂಬಂಥ ನಿಷೇಧ ಬಂದರೆ ಸಿಂಪಲ್ ಪ್ರೆಸೆಂಟ್ ಎಂದೇ ತಿಳಿಯಬಹುದು: ‘ಐ ನೋ ಮಲಯಾಳಂ’. ‘ಐ ಆಮ್ ನೋಯಿಂಗ್’ ಎಂಬ ಪ್ರಯೋಗ ನಮ್ಮ ದೇಶದಲ್ಲಿ ಬಹಳ ಕೇಳಿಸುತ್ತದೆ, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ‘ಹ್ಯಾವ್’ ಎಂಬುದಕ್ಕೆ ಎರಡು ಮುಖ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವಾಗ ‘ಐ ಹ್ಯಾವ್ ಟೂ ಯಂಗರ್ ಬ್ರದರ್ಸ್’ ಎಂದೇ ಹೇಳಬೇಕು. ಊಟ ಮಾಡುತ್ತಿದ್ದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಎನ್ನಬಹುದು, ಏಕೆಂದರೆ ಅಲ್ಲಿ ಅದು ಇರುವಿಕೆಯಲ್ಲ, ಕೆಲಸ. ‘ಥಿಂಕ್’ ಕೂಡ ಹಾಗೆಯೇ: ಅಭಿಪ್ರಾಯಕ್ಕೆ ‘ಐ ಥಿಂಕ್’, ತಲೆಯಲ್ಲಿ ಯೋಚನೆ ನಡೆಯುತ್ತಿದ್ದರೆ ‘ಐ ಆಮ್ ಥಿಂಕಿಂಗ್’.

ಪ್ರಶ್ನೆ ಕೇಳುವಾಗ ನಾವು ಕೊನೆಗೆ ಒಂದು ‘ಆ’ ಸೇರಿಸಿಯೋ ‘ಎಲ್ಲಿ’, ‘ಏನು’ ಎಂಬಂಥ ಪದ ಇಟ್ಟೋ ಮುಗಿಸುತ್ತೇವೆ. ಸಿಂಪಲ್ ಪ್ರೆಸೆಂಟಿನಲ್ಲಿ ಇಂಗ್ಲಿಷ್ ಕರ್ತೃವಿಗಿಂತ ಮೊದಲು ‘ಡು’ ಅಥವಾ ‘ಡಸ್’ ಬೇಕೆನ್ನುತ್ತದೆ. ‘ವೇರ್ ಯು ಲಿವ್?’ ಅಲ್ಲ, ‘ವೇರ್ ಡು ಯು ಲಿವ್?’. ‘ಡಸ್’ ಬಂದ ಮೇಲೆ ‘ಎಸ್’ ಅದರೊಳಗೇ ಸೇರಿಹೋಗಿರುವುದರಿಂದ ಮುಖ್ಯ ಕ್ರಿಯಾಪದಕ್ಕೆ ಮತ್ತೆ ಅಂಟಿಸಬಾರದು: ‘ಡಸ್ ಶಿ ಟೀಚ್ ಕನ್ನಡ?’. ಕಂಟಿನ್ಯುವಸ್‌ಗೆ ‘ಡು’ ಬೇಕಿಲ್ಲ. ಕರ್ತೃವೂ ‘ಆರ್’ ಎಂಬುದೂ ಸ್ಥಾನ ಬದಲಿಸಿಕೊಂಡರೆ ಸಾಕು: ‘ವಾಟ್ ಆರ್ ಯು ಡೂಯಿಂಗ್?’.

ಯಕ್ಷಗಾನ ಪ್ರಸಂಗದ ಕಥೆಯನ್ನು ಹೊರಗಿನವರಿಗೆ ಇಂಗ್ಲಿಷಿನಲ್ಲಿ ವಿವರಿಸುವ ಸಂದರ್ಭ ಇಲ್ಲಿ ಆಗಾಗ ಬರುತ್ತದೆ. ಕಥಾಸಾರಕ್ಕೆ ಸಿಂಪಲ್ ಪ್ರೆಸೆಂಟ್ ಒಪ್ಪುತ್ತದೆ: ‘ಭೀಮ ಕಿಲ್ಸ್ ದುಶ್ಶಾಸನ’. ಪಕ್ಕದಲ್ಲಿ ಕುಳಿತವರಿಗೆ ರಂಗಸ್ಥಳದಲ್ಲಿ ಈಗ ಕಾಣುವುದನ್ನು ತೋರಿಸುವಾಗ ಮಾತ್ರ ‘ಭೀಮ ಈಸ್ ಡಾನ್ಸಿಂಗ್’.

‘2010ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ವಾಕ್ಯಕ್ಕೆ ಈ ಎರಡು ಕಾಲಗಳಲ್ಲಿ ಯಾವುದೂ ಹೊಂದುವುದಿಲ್ಲ. ಆರಂಭದ ವರ್ಷವನ್ನೋ ಕಳೆದ ಅವಧಿಯನ್ನೋ ಹೇಳಿದ ಕೂಡಲೇ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2010’ ಎಂಬ ಬೇರೆ ರೂಪಕ್ಕೆ ಹೋಗಬೇಕು.

ಇನ್ನು ಉಳಿದಿರುವುದು ನಾಳೆಯ ಮಾತು. ‘ನಾಳೆ ಬರುವುದಿಲ್ಲ’ ಎಂಬಲ್ಲಿಯೂ ‘ವುದಿಲ್ಲ’ ಇರುವುದರಿಂದ ಪರೀಕ್ಷೆ ದಾರಿ ತಪ್ಪಿಸಬಹುದು. ವಾಕ್ಯದೊಳಗೆ ‘ಸಾಮಾನ್ಯವಾಗಿ’ ಎಂಬ ಪದ ಹೊಂದುತ್ತದೆಯೇ ಎಂದು ನೋಡಿದರೆ ಗೊಂದಲ ತೀರುತ್ತದೆ. ಹೊಂದದಿದ್ದರೆ ಅದು ಭವಿಷ್ಯದ ಮಾತು, ‘ಐ ಕಮ್ ಟುಮಾರೋ’ ಎನ್ನುವಂತಿಲ್ಲ. ಮೊದಲೇ ಗೊತ್ತುಮಾಡಿಕೊಂಡ ಭೇಟಿಯಾದರೆ ‘ಐ ಆಮ್ ಕಮಿಂಗ್ ಟುಮಾರೋ’ ಎಂದು ಕಂಟಿನ್ಯುವಸ್ ಬಳಸಬಹುದು. ಆಗತಾನೇ ಒಪ್ಪಿಕೊಂಡದ್ದಾದರೆ ‘ಐ ವಿಲ್ ಕಮ್’. ರೈಲಿನ ವೇಳಾಪಟ್ಟಿಯಂಥದ್ದು ಇದಕ್ಕೆ ಅಪವಾದ: ಮಂಗಳೂರಿನ ರೈಲು ನಾಳೆ ಏಳು ಗಂಟೆಗೆ ಹೊರಡುವುದಿದ್ದರೂ, ಸಮಯ ಮೊದಲೇ ನಿಗದಿಯಾಗಿರುವುದರಿಂದ ‘ದ ಟ್ರೇನ್ ಲೀವ್ಸ್ ಅಟ್ ಸೆವೆನ್ ಟುಮಾರೋ’ ಎನ್ನುತ್ತಾರೆ. ಮನೆಗೆ ಬಂದ ಅತಿಥಿಗೆ ‘ಚಹಾ ಕುಡಿಯುತ್ತೀರಾ?’ ಎಂದು ಕೇಳುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಮುಂದಿನ ಕ್ಷಣ, ಅವರ ರೂಢಿಯಲ್ಲ. ‘ಡು ಯು ಡ್ರಿಂಕ್ ಟೀ?’ ಎಂದರೆ ಅವರಿಗೆ ಚಹಾದ ಅಭ್ಯಾಸವಿದೆಯೇ ಎಂದು ವಿಚಾರಿಸಿದಂತಾಗುತ್ತದೆ. ಉಪಚಾರಕ್ಕೆ ‘ವುಡ್ ಯು ಲೈಕ್ ಸಮ್ ಟೀ?’ ಎನ್ನುವುದೇ ವಾಡಿಕೆ.