ಕಾಫಿ ಕುಯ್ಲಿಗೆ ಬಂದ ಅರಸೀಕೆರೆಯ ಅಮ್ಮ

ಡಿಸೆಂಬರ್ ಮೊದಲ ವಾರ. ಮೂಡಿಗೆರೆ ಬಳಿಯ ನಮ್ಮ ನಾಲ್ಕು ಎಕರೆಯಲ್ಲಿ ಅರೇಬಿಕಾ ಹಣ್ಣಾಗಿ ನಿಂತಿತ್ತು. ಕುಯ್ಲು ಶುರುವಾದ ಮೂರನೇ ದಿನವೇ ತೋಟದ ಇಳಿಜಾರಿನಲ್ಲಿ ಬೈಕ್ ಜಾರಿ ನಮ್ಮ ಯಜಮಾನರ ತೊಡೆಯ ಮೂಳೆ ಮುರಿಯಿತು. ಹಾಸನದಲ್ಲಿ ರಾಡ್ ಹಾಕಿಸಿ ಕರೆತಂದೆವು. ಆರು ವಾರ ಕಾಲೂರುವಂತಿಲ್ಲ. ಚಿಕ್ಕವನಿಗೆ ಎಂಟು ತಿಂಗಳು, ದೊಡ್ಡವಳು ಒಂದನೇ ತರಗತಿ. ಹಣ್ಣು ಯಾರ ಕಷ್ಟಕ್ಕೂ ಕಾಯುವುದಿಲ್ಲ. ಉದುರಿದರೆ ನೆಲದ ಪಾಲು, ನೆಲದಲ್ಲಿ ಉಳಿದರೆ ಕಾಯಿಕೊರಕ ಹುಳುವಿನ ಪಾಲು.

ಅಮ್ಮನಿಗೆ ಫೋನ್ ಮಾಡಿದ್ದು ಅಳುವುದಕ್ಕೆ, ಕರೆಯುವುದಕ್ಕಲ್ಲ. ಮರುದಿನ ಮಧ್ಯಾಹ್ನ ಅವಳು ಹಾಸನ, ಬೇಲೂರು ದಾಟಿ ಬಂದು ಬಸ್ಸಿಳಿದಳು. ಒಂದು ಕೈಯಲ್ಲಿ ಅವರೆಕಾಯಿ ಚೀಲ, ಇನ್ನೊಂದರಲ್ಲಿ ರಾಗಿಹಿಟ್ಟು. ಮಲೆನಾಡಿನ ಅಂಗಡಿಯ ರಾಗಿಯ ಮೇಲೆ ಅವಳಿಗೆ ನಂಬಿಕೆಯಿಲ್ಲ.

ಕೈಕಾಲು ತೊಳೆದು ಬಂದವಳು ಕೇಳಿದ್ದು ಒಂದೇ ಮಾತು: "ನೀನೇ ಮಾಡಬೇಕಾದದ್ದು ಯಾವುದು, ಅದನ್ನಷ್ಟು ಹೇಳು." ನಾನು ತಡವರಿಸಿದೆ. ಅವಳೇ ಎಣಿಸಿದಳು. "ಮಗುವಿಗೆ ಹಾಲು ಕೊಡುವುದು, ಆಳುಗಳ ಬಟವಾಡೆ, ಮತ್ತೆ ಅಳಿಯಂದಿರ ಸ್ನಾನ, ಬೆಡ್‌ಪ್ಯಾನು. ಅವರಿಗೂ ಸಂಕೋಚ, ನನಗೂ ಸಂಕೋಚ. ಉಳಿದದ್ದು ಬಿಡು." ಆ ಗೆರೆಯನ್ನು ಅವಳು ಕೊನೆಯವರೆಗೂ ದಾಟಲಿಲ್ಲ. ಅವರ ಕೋಣೆಯ ಬಾಗಿಲಲ್ಲಿ ತಟ್ಟೆ ಇಟ್ಟು, ಕೆಮ್ಮಿ, ಹಿಂದಿರುಗುತ್ತಿದ್ದಳು.

ನೆರೆಯವರು, ನೆಂಟರು ನೋಡಲು ಬರುತ್ತಿದ್ದರು. ಹೊರಡುವಾಗ ಎಲ್ಲರದ್ದೂ ಅದೇ ಮಾತು, "ಏನಾದರೂ ಬೇಕಿದ್ದರೆ ಹೇಳಿ." ನಾನಾಗಿದ್ದರೆ ತಲೆಯಾಡಿಸಿ ಕಳಿಸುತ್ತಿದ್ದೆ. ಅಮ್ಮ ಅಲ್ಲೇ ಕೆಲಸ ಹಚ್ಚಿದಳು. ಒಬ್ಬರಿಗೆ ದೊಡ್ಡವಳನ್ನು ಶಾಲೆಯ ವ್ಯಾನಿಗೆ ಹತ್ತಿಸುವುದು, ಇನ್ನೊಬ್ಬರಿಗೆ ಸಂತೆಯಿಂದ ನಮ್ಮ ತರಕಾರಿಯನ್ನೂ ತರುವುದು. ಬರಿಗೈಯಲ್ಲಿ ಕುಳಿತು ಆಸ್ಪತ್ರೆಯ ಕಥೆ ಕೇಳುತ್ತಿದ್ದವರ ಮುಂದೆ ಅವರೆಕಾಯಿಯ ಮೊರ ಬಂದು ಕೂರುತ್ತಿತ್ತು. ನನಗೆ ನಾಚಿಕೆಯಾಯಿತು ಎನ್ನುವುದು ನಿಜ. ಮೂರನೇ ದಿನಕ್ಕೆ ಆ ನಾಚಿಕೆ ಹೋಯಿತು ಎನ್ನುವುದೂ ನಿಜ.

ಬೆಳಿಗ್ಗೆ ನಾನು ಆಳುಗಳ ಜೊತೆ ತೋಟಕ್ಕೆ, ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಣಕ್ಕೆ. ಕಾಫಿ ಕಣ ಕಂಡವಳೇ ಅಲ್ಲ. ಮೊದಲ ಸಂಜೆಯೇ ಎಡವಟ್ಟಾಯಿತು. ಎರಡು ದಿನದ ಹಸಿ ಹಣ್ಣನ್ನು ರಾಗಿ ರಾಶಿಯಂತೆ ಗುಡ್ಡೆ ಹಾಕಿ, ಮಂಜು ಬೀಳುತ್ತದೆಂದು ಟಾರ್ಪಾಲ್ ಬಿಗಿಯಾಗಿ ಹೊದಿಸಿದ್ದಳು. ಬೆಳಿಗ್ಗೆ ಕೈಯಿಟ್ಟರೆ ಒಳಗೆಲ್ಲ ಬಿಸಿ, ಹುಳಿ ವಾಸನೆ. ನಾನು ಕೂಗಾಡಿದೆ. ಅವಳು ಎದುರು ಮಾತಾಡಲಿಲ್ಲ. ಆ ಹಣ್ಣನ್ನು ಕಣದ ಒಂದು ಮೂಲೆಗೆ ಬೇರೆಯಾಗಿ ಹರವಿ ಸುತ್ತ ಇಟ್ಟಿಗೆ ಸಾಲು ಇಟ್ಟಳು. "ಇದು ಒಳ್ಳೆಯದರ ಜೊತೆ ಸೇರಬಾರದು, ಅಷ್ಟೇ ತಾನೇ?" ಅಂದಿನಿಂದ ಹಸಿ ಹಣ್ಣು ತೆಳ್ಳಗೆ ಹರವುವುದು, ಗಂಟೆಗೊಮ್ಮೆ ಕಾಲಾಡಿಸಿ ತಿರುವುವುದು, ಎಲ್ಲ ಅವಳದ್ದೇ.

ಒಣಗಿದ್ದನ್ನು ಗುರುತಿಸುವುದು ಮಾತ್ರ ನಾನು ಕಲಿಸಬೇಕಾಗಲಿಲ್ಲ. ನಮ್ಮ ತವರು ತೆಂಗಿನ ಸೀಮೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವವಳು ಅವಳು. ಹನ್ನೆರಡನೇ ದಿನ ನಾನು ತೋಟದಿಂದ ಬಂದಾಗ ಅಮ್ಮ ಒಂದು ಹಿಡಿ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣನ್ನು, ಕಿವಿಯ ಪಕ್ಕ ಕುಲುಕುತ್ತಿದ್ದಳು. ಕಪ್ಪಾದ ಸಿಪ್ಪೆಯೊಳಗೆ ಬೀಜ ಗಲಗಲ ಎನ್ನುತ್ತಿತ್ತು. ಕಣದ ಇನ್ನೊಂದು ತುದಿಯಿಂದ ಮತ್ತೊಂದು ಹಿಡಿ ತೆಗೆದು ಕುಲುಕಿದಳು, ಸದ್ದು ಮಂದ. "ಈ ಕಡೆಗೆ ಸಿಲ್ವರ್ ಮರದ ನೆರಳು ಬೀಳುತ್ತದೆ. ಇನ್ನೂ ಎರಡು ಬಿಸಿಲು ಬೇಕು." ಅದೇ ಕಣದಲ್ಲಿ ಆರು ವರ್ಷ ಕಾಫಿ ಒಣಗಿಸಿದ ನಾನು ಆ ನೆರಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಳುಗಳು ಕುಯ್ದ ಹಣ್ಣನ್ನು ಅಳೆಯುವ ಡಬ್ಬಿಗಳ ಲೆಕ್ಕವೂ ಕೊಬ್ಬರಿಯದ್ದೇ ಕ್ರಮ. ನಮ್ಮ ಮನೆಯಲ್ಲಿ ನೂರು ಕಾಯಿ ಎಣಿಸಿದಾಗ ಒಂದನ್ನು ಪಕ್ಕಕ್ಕೆ ಇಡುತ್ತಾರೆ. ಇಲ್ಲಿ ಹತ್ತು ಡಬ್ಬಿ ಹಣ್ಣು ಬಿದ್ದರೆ ಜಗಲಿಯ ಮೇಲೆ ಒಂದು ಹುಣಸೆಬೀಜ. ಸಂಜೆ ಮೇಸ್ತ್ರಿಯ ಪುಸ್ತಕ ಒಂದು ಕಡೆ, ಅವಳ ಬೀಜಗಳು ಒಂದು ಕಡೆ. ಎರಡು ಸಲ ತಾಳೆಯಾಗಲಿಲ್ಲ. ಎರಡು ಸಲವೂ ಪುಸ್ತಕವೇ ತಪ್ಪಿತ್ತು.

ಜಗಳವೂ ಆಯಿತು. ಮಾವನ ಕಾಲದಿಂದ ಬಂದ ಕಡುಬಿನ ಪಾತ್ರೆಯನ್ನು ಅಟ್ಟಕ್ಕೆ ಹಾಕಿ ಮೂರು ಹೊತ್ತೂ ಮುದ್ದೆ ಮಾಡಿದ್ದಕ್ಕೆ. ಆ ವಿಷಯ ಇಲ್ಲಿ ಬೇಡ.

ಸಂಕ್ರಾಂತಿ ಮುಗಿಸಿ ಅಮ್ಮ ಊರಿಗೆ ಹೋದಳು, ಅಟ್ಟದ ಕಾಯಿ ಸುಲಿಸಬೇಕಿತ್ತು. ಯಜಮಾನರು ಅಷ್ಟರಲ್ಲಿ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಿದ್ದರು. ಫೆಬ್ರವರಿಯಲ್ಲಿ ವ್ಯಾಪಾರಿ ಬಂದು ಮೂಟೆಗಳಿಗೆ ತೇವಾಂಶದ ಮೀಟರ್ ಹಿಡಿದರು. ಅರೇಬಿಕಾ ಚೆರಿಗೆ ಶೇಕಡಾ 10.5 ಇರಬೇಕು, ನಮ್ಮದು ಸರಿಯಾಗಿಯೇ ಬಂತು. ಹುಳಿ ಹಿಡಿದಿದ್ದ ಎರಡು ಮೂಟೆಗೆ ಮಾತ್ರ ಬೆಲೆ ಮುರಿದರು.

ರಾತ್ರಿ ಅಮ್ಮನ ಫೋನ್ ಬಂತು.

"ಆ ಇಟ್ಟಿಗೆ ಮೂಲೆಯದ್ದಕ್ಕೆ ಎಷ್ಟು ಕಡಿಮೆ ಹಿಡಿದರು?"

"ಎಲ್ಲದಕ್ಕೂ ಒಂದೇ ರೇಟು ಕೊಟ್ಟರಮ್ಮ."

"ಹಾಗಾದರೆ ಆ ವ್ಯಾಪಾರಿಗೆ ಮೂಗಿಲ್ಲ" ಎಂದು ಫೋನ್ ಇಟ್ಟಳು.