ನಿಜಲಿಂಗಪ್ಪನವರ ಪಾತ್ರಕ್ಕೆ ಮುಖ ಹುಡುಕೋದು ಬಿಟ್ಟೆ

"ಭಾಷಣವೇ ಇಲ್ಲದ ನಿಜಲಿಂಗಪ್ಪನವರಾ? ಯಾರ್ರೀ ನೋಡ್ತಾರೆ?" ಅಂತ ಚಿತ್ರದುರ್ಗದ ಗೆಳೆಯರೇ ನಕ್ಕಿದ್ದರು. ಮುಕ್ಕಾಲು ಗಂಟೆಯ ಸಿನಿಮಾ ಮುಗಿಸಿ ದಾವಣಗೆರೆಯಲ್ಲಿ ತೋರಿಸಿದೆವು. ನಕ್ಕವರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ನಾವು ತೆಗೆದುಕೊಂಡಿದ್ದು ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ 1969 ಮಾತ್ರ. ಲಾಲ್‌ಬಾಗ್ ಗಾಜಿನ ಮನೆಯ ಅಧಿವೇಶನದಿಂದ ನವೆಂಬರ್ 12ರವರೆಗೆ, ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದ ದಿನದವರೆಗೆ. ಈ ಕಥೆಯನ್ನು ದಿಲ್ಲಿ ಕಡೆಯಿಂದ ಹೇಳಿದರೆ ನಿಜಲಿಂಗಪ್ಪನವರು ಸಿಂಡಿಕೇಟಿನ, ಅಂದರೆ ಇಂದಿರಾ ವಿರುದ್ಧ ನಿಂತ ಹಿರಿಯ ಕಾಂಗ್ರೆಸ್ಸಿಗರ ಗುಂಪಿನ, ವಿಲನ್. ದುರ್ಗದ ಕಡೆಯಿಂದ ಹೇಳಿದರೆ ದೇವರು. ಎರಡೂ ಬೇಡ ಅನ್ನೋದು ನನ್ನ ಹಟ.

ಎಲ್ಲರಂತೆ ನಾನೂ ಮೊದಲು ಹೋಲುವ ಮುಖಕ್ಕೇ ಅಲೆದೆ. ಒಬ್ಬರು ಸಿಕ್ಕರು. ಬೆಂಗಳೂರಿನಿಂದ ಮೇಕಪ್‌ನವರನ್ನು ಕರೆಸಿ ಕೃತಕ ಗಲ್ಲ ಅಂಟಿಸಿದ್ದಾಯಿತು. 60 ಸಾವಿರದ ಹತ್ತಿರ ಬಿತ್ತು. ದುರ್ಗದ ಏಪ್ರಿಲ್ ಬಿಸಿಲು ಗೊತ್ತಲ್ಲ, ಊಟದ ಹೊತ್ತಿಗೆ ಅಂಚು ಎದ್ದಿತ್ತು. ಕ್ಲೋಸಪ್‌ನಲ್ಲಿ ನೋಡಿದರೆ, ಉಗುಳು ನುಂಗಿದಾಗ ಗಂಟಲು ಅಲುಗುತ್ತದೆ, ಗಲ್ಲ ಅಲುಗೋದೇ ಇಲ್ಲ! ಆಮೇಲೆ ಮಿಮಿಕ್ರಿಯವರಿಂದ ಡಬ್ಬಿಂಗ್ ಮಾಡಿಸಿದೆ. ಹಳಬರೊಬ್ಬರು ಕೇಳಿ "ಚೆನ್ನಾಗಿದೆ" ಅಂತ ನಕ್ಕುಬಿಟ್ಟರು. ಅಲ್ಲಿಗೆ ಇನ್ನೊಂದು 20 ಸಾವಿರ ಹೋಯಿತು.

2012ರ 'ಲಿಂಕನ್' ಸಿನಿಮಾದಲ್ಲಿ ಡೇನಿಯಲ್ ಡೇ ಲೂಯಿಸ್ ಗಡಸು ದನಿ ಬಿಟ್ಟು ತೆಳುವಾದ ಏರುದನಿ ಹಿಡಿದರು. ಲಿಂಕನ್ ದನಿ ಹಾಗಿತ್ತು ಅಂತ ಅವರ ಕಾಲದವರು ಬರೆದಿಟ್ಟಿದ್ದಾರೆ. ಆದರೆ ಅದನ್ನು ಕಿವಿಯಾರೆ ಕೇಳಿದವರು ಈಗ ಯಾರೂ ಇಲ್ಲ. ನಿಜಲಿಂಗಪ್ಪನವರು ತೀರಿಕೊಂಡಿದ್ದು 2000ದಲ್ಲಿ. ಅವರ ಜೊತೆ ಮಾತಾಡಿದವರು ದುರ್ಗದಲ್ಲಿ ಇನ್ನೂ ಸಿಗುತ್ತಾರೆ. ನಕಲು ಮಾಡಿದರೆ ತಕ್ಷಣ ಹಿಡೀತಾರೆ.

ದಾರಿ ತೋರಿಸಿದ್ದು ದಾವಣಗೆರೆಯ ಕಂಪನಿ ನಾಟಕದ ಹಿರಿಯರೊಬ್ಬರು. "ರಾಜ ಬಂದಾಗ ರಾಜ ಏನೂ ಮಾಡಬೇಕಿಲ್ಲಪ್ಪ, ಉಳಿದವರು ಸರಿಯಾಗಿ ಎದ್ದು ನಿಂತರೆ ಸಾಕು" ಅಂದರು. ಸರಿ, ಮುಖ ಸ್ವಲ್ಪವೂ ಹೋಲದ ನಿವೃತ್ತ ಮೇಷ್ಟ್ರೊಬ್ಬರಿಗೆ ಖಾದಿ, ಕಚ್ಚೆ, ಬಿಳಿ ಟೋಪಿ ಹಾಕಿಸಿದೆ. ಕ್ಯಾಮೆರಾ ಮುಕ್ಕಾಲು ಪಾಲು ಎದುರಿಗಿದ್ದವರ ಮೇಲೆ.

ಉಚ್ಚಾಟನೆಯ ಸೀನ್‌ನಲ್ಲಿ ಟೈಪಿಸ್ಟ್ ಪತ್ರ ಬಡಿಯುತ್ತಿದ್ದಾನೆ. ಹೆಸರಿನ ಜಾಗ ಬಂದಾಗ ಬೆರಳು ನಿಲ್ಲುತ್ತದೆ, ತಲೆ ಎತ್ತಿ ನೋಡುತ್ತಾನೆ. ಮೇಷ್ಟ್ರು "ಹ್ಞೂ" ಅನ್ನುತ್ತಾರೆ, ಅಷ್ಟೇ. ಆ ಟೈಪಿಸ್ಟ್ ನನ್ನ ಕಲ್ಪನೆ. 'ಡಾರ್ಕೆಸ್ಟ್ ಅವರ್' ಸಿನಿಮಾದಲ್ಲಿ ಚರ್ಚಿಲ್ ಸುರಂಗ ರೈಲು ಹತ್ತಿ ಜನರ ಮಾತು ಕೇಳುವುದೂ ಕಲ್ಪನೆಯೇ. ಆದರೆ ಅಲ್ಲಿ ನಾಯಕನ ಬಾಯಿಗೇ ಹೊಸ ಮಾತು ತುರುಕಿದ್ದಾರೆ. ನಾನು ಕಲ್ಪನೆಯನ್ನೆಲ್ಲ ಟೈಪಿಸ್ಟ್ ಮೇಲೆ ಹಾಕಿದೆ. ಶೋ ಮುಗಿದ ಮೇಲೆ ಒಬ್ಬ ಅಜ್ಜ ಮೇಷ್ಟ್ರ ಕೈ ಹಿಡಿದು "ಥೇಟ್ ಅವರೇ ಕಣ್ರೀ" ಅಂದರು. ಇದಕ್ಕಿಂತ ಜಾಸ್ತಿ ಏನು ಬೇಕು?

ನಡುವೆ ಒಂದು ಹುಚ್ಚಾಟ ಬೇರೆ. ಇಂದಿರಾ ಸರ್ಕಾರ ಅದೇ ವರ್ಷ ಮಾಡಿದ 14 ಬ್ಯಾಂಕ್ ರಾಷ್ಟ್ರೀಕರಣದ ಸುದ್ದಿಯನ್ನು ನಾವೇ ಓದಿ, ಗುಜರಿಯಿಂದ ಸಾವಿರ ಚಿಲ್ಲರೆಗೆ ತಂದ ವಾಲ್ವ್ ರೇಡಿಯೋದ ಸ್ಪೀಕರಿನಲ್ಲಿ ಹಾಯಿಸಿ ಮತ್ತೆ ರೆಕಾರ್ಡ್ ಮಾಡಿದೆ. ಕಂಪ್ಯೂಟರಿನ ಸೌಂಡ್ ಪ್ಲಗಿನ್‌ನಿಂದ ಬರದ ಗೊಗ್ಗರು ದನಿ ಬಂತು. ರೇಡಿಯೋ ಎಲ್ಲಿಟ್ಟಿದ್ದೆ ಅನ್ನೋದನ್ನು ಮಾತ್ರ ಹೇಳಲ್ಲ. ಖಾದಿ ಹಳೇದಾಗಿ ಕಾಣೋ ಹಾಗೆ ಮಾಡಿದ್ದೂ ಸದ್ಯಕ್ಕೆ ಗುಟ್ಟು.

ಒಟ್ಟು ಮೂರೂಕಾಲು ಲಕ್ಷದಷ್ಟಾಯಿತು. ಅದರಲ್ಲಿ ಗಲ್ಲ, ಮಿಮಿಕ್ರಿಗೆ ಹೋದ 80 ಸಾವಿರದಿಂದ ಒಂದು ಫ್ರೇಮೂ ಸಿನಿಮಾದಲ್ಲಿಲ್ಲ. ಮೇಷ್ಟ್ರು ದುಡ್ಡು ಮುಟ್ಟಲಿಲ್ಲ, ಟೋಪಿ ಮಾತ್ರ ವಾಪಸ್ ಕೊಟ್ಟಿಲ್ಲ.